ಮಗ ಬೆಂಚ್ ಮೇಲೆ, ನಾವು ಬೇಲಿ ಹೊರಗೆ: ಕೋಚ್‌ಗೆ ಬರೆಯಬೇಕಾ, ಬೇಡವಾ?

ಕೇಳಿದವರು: 11ನೇ ಕ್ಲಾಸ್ ಹುಡುಗನ ಅಮ್ಮ, ವರ್ಜೀನಿಯಾ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಹೈಸ್ಕೂಲಿನಲ್ಲಿ ಮಕ್ಕಳನ್ನು ಬೇಸ್‌ಬಾಲ್ ಆಡಿಸಿದ ಅಪ್ಪ ಅಮ್ಮಂದಿರು ಇಲ್ಲಿದ್ದರೆ ದಯವಿಟ್ಟು ನಿಮ್ಮ ಅನುಭವ ಹೇಳಿ.

ಮಗ ಆರು ವರ್ಷದವನಿದ್ದಾಗಿನಿಂದ ಆಡುತ್ತಿದ್ದಾನೆ. ಹೋದ ವರ್ಷ ಜೆವಿ (ಶಾಲೆಯ ಎರಡನೇ ದರ್ಜೆಯ) ಟೀಮಿನಲ್ಲಿ ಎಲ್ಲ ಮ್ಯಾಚಿಗೂ ಶಾರ್ಟ್‌ಸ್ಟಾಪ್ ಅವನೇ, ಅಂದರೆ ಸೆಕೆಂಡ್ ಮತ್ತು ಥರ್ಡ್ ಬೇಸ್ ನಡುವೆ ನಿಲ್ಲುವ ಫೀಲ್ಡರ್. ಈ ವರ್ಷ ವಾರ್ಸಿಟಿಗೆ, ಅಂದರೆ ಶಾಲೆಯ ಮುಖ್ಯ ಟೀಮಿಗೆ, ತೆಗೆದುಕೊಂಡರು. ಮನೆಯಲ್ಲಿ ಹಬ್ಬ ಮಾಡಿದೆವು. ಈಗ ಎಂಟು ಮ್ಯಾಚ್ ಮುಗಿದಿದೆ, ಅವನು ಬ್ಯಾಟ್ ಹಿಡಿದಿದ್ದು ನಾಲ್ಕೇ ಸಲ. ಶಾರ್ಟ್‌ಸ್ಟಾಪ್ ಜಾಗದಲ್ಲಿ 9ನೇ ಕ್ಲಾಸಿನ ಹುಡುಗ ನಿಲ್ಲುತ್ತಾನೆ.

ಹೋದ ಮಂಗಳವಾರ ಏಳು ಇನಿಂಗ್ಸ್ ಪೂರ್ತಿ ಬೆಂಚ್ ಮೇಲೇ ಇದ್ದ. ಮನೆಗೆ ಬಂದು ಬಟ್ಟೆ ಬಿಚ್ಚಿ ಹಾಕಿದ. ಬಿಳಿ ಪ್ಯಾಂಟಿನ ಮೇಲೆ ಒಂದು ಚೂರು ಕೆಂಪು ಮಣ್ಣಿಲ್ಲ. ಎಷ್ಟು ವರ್ಷ ಆ ಕಲೆ ಉಜ್ಜಿ ಉಜ್ಜಿ ಗೊಣಗಿದ್ದೇನೋ. ಅವತ್ತು ಆ ಪ್ಯಾಂಟ್ ಕೈಯಲ್ಲಿ ಹಿಡಿದುಕೊಂಡು ಅತ್ತುಬಿಟ್ಟೆ.

ನಮ್ಮ ಯಜಮಾನರು ಸ್ಕೋರ್ ಬರೆಯುವ ಗೇಮ್‌ಚೇಂಜರ್ ಆ್ಯಪ್‌ನಿಂದ ಎಲ್ಲರ ಲೆಕ್ಕ ತೆಗೆದು, ಕೋಚ್‌ಗೂ ಅಥ್ಲೆಟಿಕ್ ಡೈರೆಕ್ಟರ್‌ಗೂ (ಶಾಲೆಯ ಕ್ರೀಡಾ ಮುಖ್ಯಸ್ಥರು) ಒಂದು ಉದ್ದನೆಯ ಇಮೇಲ್ ಬರೆದಿಟ್ಟಿದ್ದಾರೆ. ಇನ್ನೂ ಕಳಿಸಿಲ್ಲ. ಮಗ "ಕಳಿಸಿದರೆ ಆಟವೇ ಬಿಡುತ್ತೇನೆ" ಅನ್ನುತ್ತಾನೆ. ಆ ಚಿಕ್ಕ ಹುಡುಗನ ಅಪ್ಪ ಬೂಸ್ಟರ್ ಕ್ಲಬ್‌ನಲ್ಲಿ (ಟೀಮಿಗೆ ಹಣ ಕೂಡಿಸುವ ಪೋಷಕರ ಸಂಘ) ತುಂಬಾ ಓಡಾಡುವವರು. ಟೀಮಿನಲ್ಲಿ ನಮ್ಮ ದೇಶದ ಹುಡುಗ ಇವನೊಬ್ಬನೇ. ಏನೇನೋ ಯೋಚನೆ ಬರುತ್ತದೆ. ಕಳಿಸಬೇಕಾ, ಬೇಡವಾ?

ಟೆಕ್ಸಾಸ್‌ನ ಒಬ್ಬ ಅಪ್ಪ

ಅಕ್ಕಾ, ಕಳಿಸಬೇಡಿ. ನಾನು ಕಳಿಸಿದವನು, ಅದಕ್ಕೇ ಹೇಳುತ್ತಿದ್ದೇನೆ.

ಮೂರು ವರ್ಷದ ಹಿಂದಿನ ಮಾತು. ನನ್ನ ಮಗನೂ 11ನೇ ಕ್ಲಾಸ್. ಅವನ ಬ್ಯಾಟಿಂಗ್ ಸರಾಸರಿ, ಆಡುತ್ತಿದ್ದ ಇನ್ನೊಬ್ಬ ಹುಡುಗನ ಸರಾಸರಿ, ಅವನು ಫೀಲ್ಡಿಂಗ್‌ನಲ್ಲಿ ಮಾಡಿದ ಎರರ್‌ಗಳು, ಎಲ್ಲ ಪಟ್ಟಿ ಮಾಡಿ ಎರಡು ಪುಟ ಬರೆದೆ. ರಾತ್ರಿ 11 ಗಂಟೆಗೆ, ಸೋತ ಮ್ಯಾಚ್ ನೋಡಿ ಬಂದ ಸಿಟ್ಟಿನಲ್ಲಿ. ಮಾರನೇ ದಿನ ಮೀಟಿಂಗ್‌ಗೆ ಕರೆದರು. ಕೋಚ್ ಮೊದಲು ಹೇಳಿದ್ದೇ "ಬೇರೆ ಹುಡುಗರ ವಿಷಯ ನಾನು ಮಾತಾಡುವುದಿಲ್ಲ" ಅಂತ. ಎರಡು ಪುಟದಲ್ಲಿ ಒಂದೂವರೆ ಪುಟ ಬೇರೆ ಹುಡುಗನ ವಿಷಯವೇ ಇತ್ತು. ಅಲ್ಲಿಗೆ ಮಾತು ಮುಗಿಯಿತು.

ಆಮೇಲೆ ಶಾಲೆಯ ಕ್ರೀಡಾ ಕೈಪಿಡಿ ತೆಗೆದು ನೋಡಿದೆ. ಸೀಸನ್ ಶುರುವಾಗುವಾಗ ನಾನೇ ಸಹಿ ಹಾಕಿದ್ದೆ, ಓದಿರಲಿಲ್ಲ. ಯಾರು ಎಷ್ಟು ಆಡುತ್ತಾರೆ, ಯಾವ ಜಾಗದಲ್ಲಿ ಆಡುತ್ತಾರೆ, ಯಾವಾಗ ಬಂಟ್ ಮಾಡಿಸಬೇಕು (ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಟ್ಟುವುದು), ಇವೆಲ್ಲ ಕೋಚ್ ನಿರ್ಧಾರ ಅಂತ ಸ್ಪಷ್ಟವಾಗಿ ಬರೆದಿತ್ತು. ಮ್ಯಾಚ್ ಮುಗಿದ 24 ಗಂಟೆ ಕೋಚ್ ಹತ್ತಿರ ಹೋಗಬಾರದು ಅಂತಲೂ ಇತ್ತು. ಬಹಳ ಶಾಲೆಗಳಲ್ಲಿ ಹೀಗೇ ಇರುತ್ತದೆ. ನಿಮ್ಮದನ್ನು ಇವತ್ತೇ ತೆಗೆದು ಓದಿ.

ನಮ್ಮಂಥವರಿಗೆ ಇದು ಯಾಕೆ ಅರ್ಥವಾಗುವುದಿಲ್ಲ ಅಂದರೆ, ನಾವು ಲಿಟಲ್ ಲೀಗ್ (ಚಿಕ್ಕ ಮಕ್ಕಳ ಬೇಸ್‌ಬಾಲ್) ನೋಡಿ ಬೆಳೆಸಿದವರು. ಅಲ್ಲಿ ಪ್ರತಿ ಮಗುವೂ ಪ್ರತಿ ಮ್ಯಾಚಿನಲ್ಲಿ ಒಂದು ಸಲವಾದರೂ ಬ್ಯಾಟ್ ಮಾಡಬೇಕು, ಆರು ಔಟ್ ಆಗುವಷ್ಟು ಹೊತ್ತು ಫೀಲ್ಡಿಂಗ್ ಮಾಡಬೇಕು ಅಂತ ನಿಯಮವೇ ಇದೆ. ಹೈಸ್ಕೂಲಿನಲ್ಲಿ ಅಂಥ ನಿಯಮ ಇಲ್ಲ. ಡಗ್‌ಔಟ್‌ನಲ್ಲಿ 18 ಹುಡುಗರು, ಮೈದಾನದಲ್ಲಿ ಒಂಬತ್ತು ಜಾಗ. ಅರ್ಧ ಮನೆಗಳಲ್ಲಿ ಅವತ್ತು ರಾತ್ರಿ ಬೇಜಾರು ಇದ್ದೇ ಇರುತ್ತದೆ.

ನನಗೆ ಈಗಲೂ ನೋವಾಗುವುದು ಏನು ಗೊತ್ತಾ? ನಾನು ಬರೆದಿದ್ದು ಮಗನಿಗೆ ಕೋಚ್ ಬಾಯಿಂದ ಗೊತ್ತಾಯಿತು. ಪಟ್ಟಿಯಲ್ಲಿದ್ದ ಆ ಇನ್ನೊಬ್ಬ ಹುಡುಗ ಅವನ ಹತ್ತಿರದ ಗೆಳೆಯ. ಮಗ ಮೂರು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಊಟಕ್ಕೆ ಕೂತರೆ ತಟ್ಟೆ ನೋಡಿಕೊಂಡು ತಿಂದು ಎದ್ದು ಹೋಗುತ್ತಿದ್ದ.

ಕೊನೆಗೆ ಅವನೇ ಕೋಚ್ ಹತ್ತಿರ ಹೋದ. "ನನ್ನನ್ನು ಯಾಕೆ ಆಡಿಸುತ್ತಿಲ್ಲ" ಅಂತ ಕೇಳಲಿಲ್ಲ. "ನಾನು ಏನು ಸರಿ ಮಾಡಿಕೊಂಡರೆ ನನಗೆ ಜಾಗ ಸಿಗುತ್ತದೆ" ಅಂತ ಕೇಳಿದ. ಮ್ಯಾಚ್ ದಿನ ಅಲ್ಲ, ಪ್ರಾಕ್ಟೀಸ್ ಮುಗಿದ ಮೇಲೆ, ಚೆಂಡು ಆರಿಸಿ ಬಕೆಟ್‌ಗೆ ಹಾಕುತ್ತಾ. ಕೋಚ್ ಎರಡು ವಿಷಯ ಹೇಳಿದರಂತೆ. ಒಂದು, ಕರ್ವ್ ಬಾಲ್‌ಗೆ (ಬಾಗಿ ಬರುವ ಎಸೆತ) ಮೊದಲೇ ಬ್ಯಾಟ್ ಬೀಸುತ್ತೀಯ. ಇನ್ನೊಂದು, ನೆಲದ ಮೇಲೆ ಉರುಳುವ ಸುಲಭದ ಗ್ರೌಂಡ್ ಬಾಲ್ ಹೊಡೆದಾಗ ಫಸ್ಟ್ ಬೇಸ್‌ಗೆ ಪೂರ್ತಿ ಓಡುವುದಿಲ್ಲ, ಔಟ್ ಅಂತ ಮೊದಲೇ ನಿಧಾನ ಮಾಡುತ್ತೀಯ. ಎರಡನೆಯದು ಯಾವ ಆ್ಯಪ್‌ನಲ್ಲೂ ಬರುವುದಿಲ್ಲ. ನಾನು ಎಲ್ಲ ಮ್ಯಾಚಿಗೂ ಹೋಗಿದ್ದೆ, ನನಗೂ ಕಂಡಿರಲಿಲ್ಲ.

ನ್ಯೂಜೆರ್ಸಿಯ ಒಬ್ಬ ಅಮ್ಮ

ಮೇಲಿನವರು ಹೇಳಿದ್ದು ಸರಿ. ಆದರೆ ಸುಮ್ಮನಿರಬಾರದ ವಿಷಯ ಒಂದಿದೆ, ಅದು ಮಗುವಿನ ತೋಳು. ಕೇಳಿದವರ ಮಗ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವನು) ಅಲ್ಲ, ಆದರೂ ಇದನ್ನು ಓದುವ ಬೇರೆ ತಾಯಂದಿರಿಗೆ ಬೇಕಾಗಬಹುದು ಅಂತ ಬರೆಯುತ್ತಿದ್ದೇನೆ.

ನನ್ನ ಮಗ ಪಿಚರ್. 10ನೇ ಕ್ಲಾಸಿನಲ್ಲಿ ಒಂದು ದಿನ ಊಟಕ್ಕೆ ಕೂತ. ಅನ್ನ ಸಾರು ಬಡಿಸಿದೆ. ಎಡಗೈಯಲ್ಲಿ ಚಮಚ ತಗೊಂಡ. ನಮ್ಮ ಮನೆಯಲ್ಲಿ ಸಾರನ್ನಕ್ಕೆ ಯಾರೂ ಚಮಚ ಮುಟ್ಟುವುದಿಲ್ಲ. "ಯಾಕೋ?" ಅಂದೆ. "ಸುಮ್ನೆ ಅಮ್ಮಾ" ಅಂದ. ಬಲಗೈ ತೊಡೆ ಮೇಲೆ ಇಟ್ಟುಕೊಂಡಿದ್ದ. ಮೊಣಕೈ ಒಳಬದಿ ಮೆಲ್ಲಗೆ ಮುಟ್ಟಿದೆ. ಮುಖ ಹಿಂಡಿದ. ಎರಡು ವಾರದಿಂದ ನೋವಂತೆ. ಹೇಳಿದರೆ ಟೀಮಿನಲ್ಲಿ ಜಾಗ ಹೋಗುತ್ತದೆ ಅಂತ ಹೇಳಿರಲಿಲ್ಲ.

ಲೆಕ್ಕ ಹಾಕಿದೆವು. ಮಂಗಳವಾರ ಶಾಲೆಗೆ 88 ಪಿಚ್, ಅಂದರೆ ಎಸೆತ. ಗುರುವಾರ ಕ್ಯಾಚರ್ ಆಗಿ ಕೂರಿಸಿದ್ದರು, ಬ್ಯಾಟರ್ ಹಿಂದೆ ಕೂತು ಪ್ರತಿ ಪಿಚ್ ಹಿಡಿದು ವಾಪಸ್ ಎಸೆಯುವ ಜಾಗ. ಭಾನುವಾರ ಟ್ರಾವೆಲ್ ಟೀಮಿಗೆ (ಶಾಲೆಯ ಹೊರಗಿನ ಕ್ಲಬ್ ಟೀಮ್) ಇನ್ನೂ 60. ಶಾಲೆಯ ಕೋಚ್‌ಗೆ ಭಾನುವಾರದ್ದು ಗೊತ್ತಿಲ್ಲ, ಟ್ರಾವೆಲ್ ಕೋಚ್‌ಗೆ ಮಂಗಳವಾರದ್ದು ಗೊತ್ತಿಲ್ಲ. ಗೊತ್ತಿದ್ದವರು ನಾವಿಬ್ಬರೇ, ನಾವೂ ಕೂಡಿಸಿ ನೋಡಿರಲಿಲ್ಲ.

2017ರ ಸೀಸನ್‌ನಿಂದ ಪ್ರತಿ ರಾಜ್ಯದ ಹೈಸ್ಕೂಲ್ ಸಂಘವೂ ಪಿಚ್ ಎಣಿಕೆಯ ಮೇಲೆ ಮಿತಿ ಮತ್ತು ವಿಶ್ರಾಂತಿಯ ನಿಯಮ ಇಟ್ಟುಕೊಳ್ಳಲೇಬೇಕು. ಅಂಕಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಇದಲ್ಲದೆ ಮೇಜರ್ ಲೀಗ್ ಬೇಸ್‌ಬಾಲ್ (ಇಲ್ಲಿನ ದೊಡ್ಡ ವೃತ್ತಿಪರ ಲೀಗ್) ಮತ್ತು ಯುಎಸ್ಎ ಬೇಸ್‌ಬಾಲ್ ಸೇರಿ ಮಾಡಿರುವ ಪಿಚ್ ಸ್ಮಾರ್ಟ್ ಅಂತ ಒಂದು ಮಾರ್ಗಸೂಚಿ ಇದೆ. ಅದರ ಪ್ರಕಾರ 15-16 ವಯಸ್ಸಿನವರಿಗೆ ಒಂದು ದಿನಕ್ಕೆ 95 ಪಿಚ್ ಮೇಲೆ ಬೇಡ. 75 ದಾಟಿದರೆ ನಾಲ್ಕು ದಿನ ಪಿಚಿಂಗ್‌ಗೆ ರಜೆ. ಒಟ್ಟೊಟ್ಟಿಗೆ ಎರಡು ಟೀಮಿಗೆ ಪಿಚ್ ಮಾಡುವುದು, ಪಿಚ್ ಮಾಡದಾಗ ಕ್ಯಾಚರ್ ಆಗುವುದು, ಎರಡೂ ಬೇಡ ಅನ್ನುತ್ತದೆ. ದಿನ ಎಣಿಸಿದರೆ ನಮ್ಮ ಭಾನುವಾರ ಕಾಗದದ ಮೇಲೆ ಸರಿಯಾಗೇ ಇತ್ತು. ನಡುವೆ ಗುರುವಾರ ಒಂದು ಬಂತಲ್ಲ, ಅದು ತೋಳಿಗೆ ಗೊತ್ತು.

ಅವತ್ತು ರಾತ್ರಿಯೇ ಕೋಚ್‌ಗೆ ಬರೆದೆ. ಐದೇ ಸಾಲು: ನೋವು ಎಲ್ಲಿದೆ, ಎಷ್ಟು ದಿನದಿಂದ, ಯಾವತ್ತು ಎಷ್ಟು ಪಿಚ್, ಡಾಕ್ಟರ್ ಹತ್ತಿರ ಯಾವಾಗ ಹೋಗುತ್ತಿದ್ದೇವೆ, ಅವರು ಹೇಳುವವರೆಗೆ ಆಡುವುದಿಲ್ಲ. ಯಾರ ತಪ್ಪು ಅಂತ ಬರೆಯಲಿಲ್ಲ. ಬೆಳಿಗ್ಗೆ ಅವರೇ ಫೋನ್ ಮಾಡಿದರು. ಆರು ವಾರ ವಿಶ್ರಾಂತಿ, ಫಿಸಿಯೋಥೆರಪಿ. ದೇವರು ದೊಡ್ಡವನು, ಆಪರೇಷನ್ ಬೇಕಾಗಲಿಲ್ಲ. ಟಾಮಿ ಜಾನ್ ಸರ್ಜರಿ ಅಂತ ಕೇಳಿರುತ್ತೀರಿ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಮೊದಲ ಸಲ ಮಾಡಿದ್ದು, ಆ ಹೆಸರಿನ ಪಿಚರ್‌ಗೆ. ಮೊಣಕೈಯ ಲಿಗಮೆಂಟ್ ಹೋದರೆ ಮತ್ತೆ ಪಿಚ್ ಮಾಡಲು ಒಂದು ವರ್ಷದ ಮೇಲೇ ಹಿಡಿಯುತ್ತದೆ. ಈಗ ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿದ್ದೇನೆ. ಎರಡು ಟೀಮಿನ ಪಿಚ್ ಎಣಿಕೆಯೂ ಅದರಲ್ಲೇ, ಪ್ರತಿ ಭಾನುವಾರ ಫೋಟೋ ತೆಗೆದು ಇಬ್ಬರು ಕೋಚ್‌ಗೂ ಕಳಿಸುತ್ತೇನೆ. ಇಲ್ಲಿಯವರೆಗೆ ಇಬ್ಬರೂ ಬೇಜಾರು ಮಾಡಿಕೊಂಡಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಶಾಲಾ ಟೀಮಿಗೆ ವಾಲಂಟಿಯರ್ ಕೋಚ್ ಆಗಿರುವವರು

ನಾನು ದಾವಣಗೆರೆಯಲ್ಲಿ ಕ್ರಿಕೆಟ್ ಆಡಿ ಬೆಳೆದವನು. ಈಗ ನಾಲ್ಕು ವರ್ಷದಿಂದ ಇಲ್ಲಿ ಹೆಡ್ ಕೋಚ್‌ಗೆ ಸಹಾಯ ಮಾಡುತ್ತೇನೆ. ಬೇಲಿಯ ಒಳಗಿನಿಂದ ಕಂಡಿದ್ದನ್ನು ಹೇಳುತ್ತೇನೆ.

ಕೋಚ್‌ಗಳು ಪಕ್ಷಪಾತ ಮಾಡುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಬೇಸಿಗೆಯಲ್ಲಿ ತಮ್ಮ ಜೊತೆ ಆಡಿದ ಹುಡುಗನನ್ನು ಕೋಚ್ ಜಾಸ್ತಿ ನಂಬುತ್ತಾರೆ, ಯಾಕಂದರೆ ಅವನನ್ನು ಜಾಸ್ತಿ ನೋಡಿರುತ್ತಾರೆ. 9ನೇ ಕ್ಲಾಸಿನ ಹುಡುಗ ಇನ್ನೂ ಮೂರು ವರ್ಷ ಇರುತ್ತಾನೆ ಅನ್ನುವ ಲೆಕ್ಕವೂ ಇರುತ್ತದೆ. 11ನೇ ಕ್ಲಾಸಿನವನ ತಾಯಿಗೆ ಅದು ಅನ್ಯಾಯ ಅನ್ನಿಸುತ್ತದೆ. ಅನ್ನಿಸಬೇಕಾದ್ದೇ. ಆದರೆ ಬೂಸ್ಟರ್ ಕ್ಲಬ್‌ನಲ್ಲಿ ಹಾಟ್ ಡಾಗ್ ಮಾರಿದ್ದಕ್ಕೆ ಜಾಗ ಸಿಕ್ಕಿದ್ದನ್ನು ನಾನಂತೂ ನೋಡಿಲ್ಲ. ಓಡಾಡುವ ಅಪ್ಪನ ಮಗ ಚಿಕ್ಕಂದಿನಿಂದ ಮೈದಾನದಲ್ಲೇ ಬೆಳೆದಿರುತ್ತಾನೆ, ಅಷ್ಟೇ.

ಬಣ್ಣದ ಮಾತು ಬಂತು. ಆ ಅನುಮಾನವನ್ನು ನುಂಗಿಕೊಳ್ಳಬೇಡಿ, ಆದರೆ ಆಡಿಸದಿರುವುದಕ್ಕೇ ಅದನ್ನು ಅಂಟಿಸಬೇಡಿ. ಬೇಕಂತಲೇ ಹೆಸರು ಕೆಡಿಸಿ ಕರೆಯುತ್ತಾರಾ, ಊಟದ ಬಗ್ಗೆ ತಮಾಷೆ ಮಾಡುತ್ತಾರಾ, ಎಲ್ಲರ ಎದುರು ಅವಮಾನ ಮಾಡುತ್ತಾರಾ ಅಂತ ಮಗನನ್ನು ನಿಧಾನವಾಗಿ ಕೇಳಿ. ಹೌದು ಅಂದರೆ 24 ಗಂಟೆಯೂ ಕಾಯಬೇಕಿಲ್ಲ, ನೇರ ಅಥ್ಲೆಟಿಕ್ ಡೈರೆಕ್ಟರ್ ಹತ್ತಿರ ಹೋಗಿ. ದಿನಾಂಕ, ಆಡಿದ ಮಾತು ಬರೆದಿಟ್ಟುಕೊಂಡೇ ಹೋಗಿ. ನಮ್ಮ ಕಡೆಯ ಹುಡುಗರು ಈ ಆಟದಲ್ಲಿ ಕಡಿಮೆ, ನಿಜ. ಪಿಚರ್ ಕುಮಾರ್ ರಾಕರ್ ತಾಯಿ ಭಾರತೀಯ ಮೂಲದವರು. ಅವನನ್ನು 2022ರ ಡ್ರಾಫ್ಟ್‌ನಲ್ಲಿ (ಮೇಜರ್ ಲೀಗ್ ಟೀಮುಗಳು ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸುವುದು) ಟೆಕ್ಸಾಸ್ ರೇಂಜರ್ಸ್ ಮೂರನೆಯವನಾಗಿ ಆರಿಸಿತು, 2024ರಲ್ಲಿ ಮೇಜರ್ ಲೀಗ್ ಆಡಿದ. ನಮ್ಮ ಟೀಮಿನಲ್ಲಿರುವ ತೆಲುಗು ಹುಡುಗನ ಬ್ಯಾಗ್ ಮೇಲೆ ಅವನ ಹೆಸರಿದೆ.

ನಿಮ್ಮ ಮಗ ಕೋಚ್ ಹತ್ತಿರ ಹೋದಾಗ ಒಂದು ವಿಷಯ ಕೇಳಬಹುದು. ಹೈಸ್ಕೂಲ್ ನಿಯಮದಲ್ಲಿ ಮೊದಲು ಆಡಿದವನು ಹೊರಗೆ ಬಂದರೂ ಒಂದು ಸಲ ಮತ್ತೆ ಒಳಗೆ ಹೋಗಬಹುದು. ಮೇಜರ್ ಲೀಗ್‌ನಲ್ಲಿ ಹಾಗಿಲ್ಲ. ಅಂದರೆ ಎರಡು ಇನಿಂಗ್ಸ್ ನಿಮ್ಮ ಮಗನನ್ನು ಇಳಿಸಿ, ಆಮೇಲೆ ಮೊದಲಿನವನನ್ನೇ ವಾಪಸ್ ತರಬಹುದು. ಕೋಚ್‌ಗೆ ಕಳೆದುಕೊಳ್ಳುವುದು ಕಡಿಮೆ. "ನಾವು ರನ್‌ನಲ್ಲಿ ಮುಂದೆ ಇರುವಾಗ ನನ್ನನ್ನು ಸೆಕೆಂಡ್ ಬೇಸ್‌ನಲ್ಲಿ ಒಂದು ಇನಿಂಗ್ ನೋಡುತ್ತೀರಾ?" ಅಂತ ಹುಡುಗನೇ ಕೇಳಿದರೆ ಬೇಡ ಅನ್ನುವುದು ಕಷ್ಟ.

ಇನ್ನೊಂದು. ನಮ್ಮಲ್ಲಿ ಬೆಂಚ್ ಮೇಲೆ ಕೂತ ಒಬ್ಬ ಹುಡುಗ ಪ್ರತಿ ಮ್ಯಾಚಿನಲ್ಲೂ ಎದುರು ಪಿಚರ್‌ನ ಒಂದೊಂದು ಪಿಚ್ ಬರೆದುಕೊಳ್ಳುತ್ತಿದ್ದ. ಯಾರೂ ಹೇಳಿರಲಿಲ್ಲ. ನಾಲ್ಕನೇ ಇನಿಂಗ್ಸ್‌ನಲ್ಲಿ ಬಂದು "ಒಂದು ಬಾಲ್ ಒಂದು ಸ್ಟ್ರೈಕ್ ಆದರೆ ಇವನು ಕರ್ವ್ ಹಾಕುತ್ತಾನೆ" ಅಂದ. ಹೌದು, ಹಾಗೇ ಹಾಕುತ್ತಿದ್ದ. ಮುಂದಿನ ವಾರ ಹೆಡ್ ಕೋಚ್ ಎಂಟು ಹೆಸರು ಬರೆದ ಮೇಲೆ ಪೆನ್ಸಿಲ್ ಹಿಡಿದುಕೊಂಡು ಸುಮಾರು ಹೊತ್ತು ಅವನ ಕಡೆ ನೋಡಿದ್ದು ನನಗೆ ನೆನಪಿದೆ. ರೈಟ್ ಫೀಲ್ಡ್‌ನಲ್ಲಿ ಇಳಿಸಿದರು.

ಮಿಷಿಗನ್‌ನ ಒಬ್ಬ ಅಮ್ಮ

ಕಾರಿನಲ್ಲಿ ಮ್ಯಾಚಿನ ಮಾತು ಎತ್ತಬೇಡಿ ಅಂತ ಮಾತ್ರ ಹೇಳುತ್ತೇನೆ. ನಾವಿಬ್ಬರೂ ಮನೆ ಮುಟ್ಟುವವರೆಗೆ ಕೋಚ್‌ನ ಬೈಯುತ್ತಿದ್ದೆವು, ಮಗನ ಪರವಾಗಿ ಅಂದುಕೊಂಡು. ಹಾಸನದಿಂದ ನಮ್ಮ ಮಾವ ಬಂದಿದ್ದಾಗ ಮಗ ಅವರ ಪಕ್ಕದಲ್ಲೇ ಕೂರಲು ಶುರು ಮಾಡಿದ. ಅವರಿಗೆ ಆಟ ಗೊತ್ತಿಲ್ಲ. "ಹಸಿವಾಯ್ತೇನೋ ಮಗಾ?" ಅಂತ ಮಾತ್ರ ಕೇಳುತ್ತಿದ್ದರು. ಅವರ ಹತ್ತಿರ ಅವನೇ ಎಲ್ಲ ಹೇಳಿಕೊಂಡ.

ಬೆಂಚ್ ಮೇಲೆ ಕೂತಿದ್ದ ಹುಡುಗ, ಈಗ ಕಾಲೇಜಿನಲ್ಲಿ

ಆಂಟಿ, ನನ್ನ ಕನ್ನಡದಲ್ಲಿ ತಪ್ಪಿದ್ದರೆ ಕ್ಷಮಿಸಿ. ನಾನು 12ನೇ ಕ್ಲಾಸಿನಲ್ಲಿ ಪೂರ್ತಿ ಬೆಂಚ್. ಸೀನಿಯರ್ ನೈಟ್ (ಕೊನೆಯ ವರ್ಷದವರನ್ನು ಗೌರವಿಸುವ ಮ್ಯಾಚ್) ದಿನ ಮಾತ್ರ ಮೊದಲಿನಿಂದ ಆಡಿಸಿದರು. ಕೂತಿದ್ದು ಅಷ್ಟು ಕಷ್ಟ ಆಗಲಿಲ್ಲ, ಗೆಳೆಯರೆಲ್ಲ ಅಲ್ಲೇ ಇದ್ದರು. ಕಷ್ಟ ಆಗಿದ್ದು ತಿರುಗಿ ನೋಡಿದಾಗ ಬೇಲಿ ಆಚೆ ಅಮ್ಮನ ಮುಖ. ಅಮ್ಮ ನಗುತ್ತಿದ್ದರು, ಆದರೆ ಗೊತ್ತಾಗುತ್ತಿತ್ತು.

ಟೆಕ್ಸಾಸ್ ಅಂಕಲ್ ಮಾತಿಗೆ ಒಂದು ಸೇರಿಸುತ್ತೇನೆ. ಕೋಚ್ ಹತ್ತಿರ ಹೋಗು ಅಂತ ಕಳಿಸುವ ಮೊದಲು, ಅವನಿಗೆ ಇನ್ನೂ ಆಡುವ ಆಸೆ ಇದೆಯಾ ಅಂತ ಕೇಳಿ. ನಮ್ಮ ಟೀಮಿನ ಒಬ್ಬ 11ನೇ ಕ್ಲಾಸ್ ಆದಮೇಲೆ ಬೇಸ್‌ಬಾಲ್ ಬಿಟ್ಟು ಟ್ರ್ಯಾಕ್ (ಓಟದ ಟೀಮ್) ಸೇರಿದ. ಖುಷಿಯಾಗಿದ್ದ. ಅವನ ಅಪ್ಪ ಅಮ್ಮನಿಗೆ ಒಪ್ಪಿಕೊಳ್ಳಲು ಒಂದು ವರ್ಷ ಬೇಕಾಯಿತು.

ಕೇಳಿದವರು, ಹತ್ತು ದಿನದ ನಂತರ

ಎಲ್ಲರಿಗೂ ತುಂಬಾ ಧನ್ಯವಾದ. ಇಮೇಲ್ ಕಳಿಸಲಿಲ್ಲ. ಅಳಿಸಿಯೂ ಇಲ್ಲ, ಯಜಮಾನರ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಮೊದಲು ಮಗನನ್ನು ಕೇಳಿದೆ, ಆಡಬೇಕು ಅನ್ನಿಸುತ್ತದಾ ಅಂತ. "ಅದೇನು ಕೇಳ್ತೀಯಾ ಅಮ್ಮಾ" ಅಂದ. ಅವಮಾನದ ವಿಷಯವನ್ನೂ ಕೇಳಿದೆ, ಅಂಥದ್ದೇನೂ ಇಲ್ಲವಂತೆ. ಸೋಮವಾರ ಪ್ರಾಕ್ಟೀಸ್ ಆದಮೇಲೆ ಅವನೇ ಕೋಚ್ ಹತ್ತಿರ ಹೋದ. ಕಾರಿನಲ್ಲಿ ನಾನು ಕೇಳಲಿಲ್ಲ. ನಾಲಿಗೆ ತುದಿಗೆ ಬಂದಿತ್ತು, ತಡೆದುಕೊಂಡೆ. ರಾತ್ರಿ ದೋಸೆ ಹಾಕುತ್ತಿದ್ದಾಗ ಅಡುಗೆಮನೆಗೆ ಬಂದು ಹೇಳಿದ. ಥರ್ಡ್ ಬೇಸ್ ಕಡೆಗೆ ಓಡಿ ಹಿಡಿದ ಚೆಂಡನ್ನು ಫಸ್ಟ್‌ಗೆ ಎಸೆಯುವಾಗ ಇವನ ಥ್ರೋ ತಡವಾಗುತ್ತದಂತೆ. ಆ ಚಿಕ್ಕ ಹುಡುಗನ ತೋಳಿನಲ್ಲಿ ಬಲ ಜಾಸ್ತಿಯಂತೆ. ಶಾರ್ಟ್‌ಸ್ಟಾಪ್ ಈ ವರ್ಷ ಸಿಗುವುದಿಲ್ಲ ಅಂತ ನೇರವಾಗಿ ಹೇಳಿದರಂತೆ. ಸೆಕೆಂಡ್ ಬೇಸ್‌ನಿಂದ ಥ್ರೋ ದೂರ ಕಡಿಮೆ, ಅಲ್ಲಿ ಅಭ್ಯಾಸ ಮಾಡು, ನೋಡೋಣ ಅಂದರಂತೆ. ಹೇಳುವಾಗ ಅವನ ಕಣ್ಣು ತುಂಬಿತ್ತು. ಆದರೂ ನಾಲ್ಕು ದೋಸೆ ತಿಂದ.

ನಿನ್ನೆಯ ಮ್ಯಾಚಿನಲ್ಲೂ ಇಳಿಸಲಿಲ್ಲ. ಡಗ್‌ಔಟ್‌ನಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ಏನೋ ಬರೆಯುತ್ತಿದ್ದ. ನಾನು ಬೇಲಿ ಹತ್ತಿರದಿಂದ ಎದ್ದು ಹೋಗಿ ಔಟ್‌ಫೀಲ್ಡ್ ಕಡೆ ಕುರ್ಚಿ ಹಾಕಿಕೊಂಡೆ, ಅವನಿಗೆ ನನ್ನ ಮುಖ ಕಾಣದ ಹಾಗೆ.

ಒಂದು ಸಹಾಯ ಬೇಕಿತ್ತು. ಸೆಕೆಂಡ್ ಬೇಸ್‌ನಲ್ಲಿ ಡಬಲ್ ಪ್ಲೇಗೆ (ಒಂದೇ ಹೊಡೆತಕ್ಕೆ ಇಬ್ಬರನ್ನು ಔಟ್ ಮಾಡುವುದು) ಕಾಲು ತಿರುಗಿಸುವುದು ಅವನಿಗೆ ಇನ್ನೂ ಬರುತ್ತಿಲ್ಲ. ಸಂಜೆ ನಮ್ಮ ಡ್ರೈವ್‌ವೇನಲ್ಲಿ ಅಪ್ಪ ಮಗ ಇಬ್ಬರೂ ಒಂದು ಹಳೇ ಡೋರ್‌ಮ್ಯಾಟ್ ಹಾಕಿಕೊಂಡು ಅದೇ ಬೇಸ್ ಅಂತ ಪ್ರಯತ್ನ ಮಾಡುತ್ತಿದ್ದಾರೆ. ಕ್ಯಾಲಿಫೋರ್ನಿಯಾದ ಕೋಚ್ ಸರ್, ಎಡಗಾಲು ಮೊದಲಾ, ಬಲಗಾಲು ಮೊದಲಾ?