ತಲೆ ಆಮೇಲೆ, ಮೊದಲು ಕತ್ತು ನೋಡು ಪುಟ್ಟಿ

ಪುಟ್ಟಿ, ರಾತ್ರಿ ನೀನು ಗ್ರೂಪಿಗೆ ಹಾಕಿದ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಕೂಸಿಗೆ ಮೂರು ತಿಂಗಳಾಯಿತು, ತಲೆಯ ಹಿಂದೆ ಬಲಗಡೆ ಚಪ್ಪಟೆ ಆಗಿದೆ, ಬಲಗಿವಿಯೂ ಸ್ವಲ್ಪ ಮುಂದಕ್ಕೆ ಬಂದ ಹಾಗಿದೆ, ಏನು ಮಾಡಲಿ ಅಂತ ಕೇಳಿದ್ದೀಯ. ಅದರ ಕೆಳಗೆ ಅಮ್ಮ ಸಾಸಿವೆ ದಿಂಬು ಹೊಲಿಸಿ, ಎಣ್ಣೆ ಹಚ್ಚಿ ತಿದ್ದಿ ಅಂದಿದ್ದಾರೆ. ಅತ್ತಿಗೆ ಕೂದಲು ಬಂದರೆ ಕಾಣಲ್ಲ ಬಿಡು ಅಂದಿದ್ದಾರೆ. ಬಾವ ಕೂಸಿನ ತಲೆಯ ಆಕಾರ ತಿದ್ದುವ ಹೆಲ್ಮೆಟ್ಟಿನ ಒಂದು ಬೆಂಗಳೂರು ಜಾಹೀರಾತು ಕಳಿಸಿದ್ದಾರೆ. ಬಾಣಂತನ ಸರಿಯಾಗಿ ಮಾಡಿಲ್ಲ ಅಂತ ಒಂದು ಮಾತೂ ಬಂದಿದೆ. ಆ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಎಲ್ಲರೂ ಕೇಳಿಸಿಕೊಳ್ಳಲಿ ಅಂತ ಇಲ್ಲೇ ಉದ್ದಕ್ಕೆ ಹೇಳುತ್ತೇನೆ. ಮಕ್ಕಳಿಗೆ ಫಿಸಿಯೋಥೆರಪಿ ಮಾಡುವುದೇ ನನ್ನ ಕೆಲಸ, ಇಲ್ಲಿ ಹಾಸನದಲ್ಲಿ ಇಂಥ ತಲೆಯ ಕೂಸುಗಳನ್ನು ನೋಡುತ್ತಲೇ ಇರುತ್ತೇನೆ.

ಇದು ನಿನ್ನ ತಪ್ಪಲ್ಲ, ಬಾಣಂತನ ಮಾಡುತ್ತಿರುವ ಅಕ್ಕನ ತಪ್ಪೂ ಅಲ್ಲ. ಹುಟ್ಟಿದ ಮಗುವಿನ ಬುರುಡೆ ಒಂದೇ ಮೂಳೆ ಅಲ್ಲ. ಬೇರೆ ಬೇರೆ ಮೂಳೆಗಳು, ನಡುವೆ ಮೆತ್ತನೆಯ ಸಂದು. ನೆತ್ತಿಸುಳಿ ಅಂತೀವಲ್ಲ, ಅದು ಆ ಸಂದುಗಳು ಕೂಡುವ ಜಾಗ. ಒಳಗೆ ಮೆದುಳು ಬೇಗ ಬೇಗ ಬೆಳೆಯಬೇಕು, ಅದಕ್ಕೇ ಹಾಗಿದೆ. ಮೊದಲ ಮೂರು ತಿಂಗಳು ತಲೆಯ ಸುತ್ತಳತೆ ತಿಂಗಳಿಗೆ ಸುಮಾರು 2 ಸೆಂ.ಮೀ. ಜಾಸ್ತಿ ಆಗುತ್ತದೆ. ಅಷ್ಟು ಬೇಗ ಬೆಳೆಯುವ ತಲೆ ಯಾವಾಗಲೂ ಒಂದೇ ಕಡೆ ಹಾಸಿಗೆಗೆ ಒತ್ತಿಕೊಂಡಿದ್ದರೆ ಅಲ್ಲಿ ಜಾಗ ಸಿಗದೆ ಬೇರೆ ಕಡೆಗೆ ಬೆಳೆಯುತ್ತದೆ. ಹಿಂದೆ ಬಲಗಡೆ ಚಪ್ಪಟೆ, ಬಲಗಿವಿ ಮುಂದಕ್ಕೆ, ಬಲಗಡೆ ಹಣೆಯೂ ಒಂದು ಚೂರು ಮುಂದಕ್ಕೆ. ಫೋಟೋದಲ್ಲಿ ಮೂರೂ ಹಾಗೇ ಇವೆ. ಹೀಗಾದರೆ ಮೆದುಳಿಗೆ ಏನೂ ತೊಂದರೆ ಇಲ್ಲ. ಚೊಚ್ಚಲು ಮಕ್ಕಳಲ್ಲಿ, ಗಂಡು ಮಕ್ಕಳಲ್ಲಿ, ಅವಳಿಗಳಲ್ಲಿ, ತಿಂಗಳು ತುಂಬದೆ ಹುಟ್ಟಿದವರಲ್ಲಿ ಇದು ಜಾಸ್ತಿ. ಬಲಗಡೆ ಆಗುವುದೇ ಹೆಚ್ಚು.

ಈಗ ನಾನು ಹೇಳಬೇಕಾದ ಮುಖ್ಯ ವಿಷಯ. ಎಲ್ಲರೂ ತಲೆಯನ್ನೇ ನೋಡುತ್ತಿದ್ದೀರಿ. ಕೂಸು ಯಾಕೆ ಯಾವಾಗಲೂ ಬಲಕ್ಕೇ ತಿರುಗುತ್ತದೆ ಅಂತ ಯಾರೂ ಕೇಳಲಿಲ್ಲ. ಫೋಟೋ ಎಲ್ಲದರಲ್ಲೂ ಮುಖ ಬಲಕ್ಕೇ ಇದೆ. ಹೋದ ವಾರ ನಾಮಕರಣದ ಫೋಟೋ ಬಂತಲ್ಲ, ಅದರಲ್ಲೂ ಬಲಕ್ಕೇ.

ನಾಳೆ ಬೆಳಿಗ್ಗೆ ಕೂಸು ಹಾಲು ಕುಡಿದು ಸ್ವಲ್ಪ ಹೊತ್ತಾದ ಮೇಲೆ, ನಗುನಗುತ್ತಾ ಇರುವಾಗ, ನಿನ್ನ ಎರಡೂ ತೊಡೆ ಸೇರಿಸಿ ಅದರ ಮೇಲೆ ಅಂಗಾತ ಮಲಗಿಸಿಕೋ. ಮುಖ ನಿನ್ನ ಕಡೆಗೆ. ಎಡಗೈ ಅಂಗೈಯನ್ನು ಕೂಸಿನ ಎದೆಯ ಮೇಲೆ ಹಗುರವಾಗಿ ಇಡು, ಭುಜ ಏಳಬಾರದು. ಇನ್ನೊಂದು ಕೈಯಲ್ಲಿ ಗಿಲಕಿ ಹಿಡಿದು ಮುಖದ ನೇರಕ್ಕೆ ತಂದು, ನಿಧಾನಕ್ಕೆ ಅದರ ಬಲ ಭುಜದ ಕಡೆಗೆ ಸರಿಸು. ಗಲ್ಲ ಭುಜದ ಹತ್ತಿರ ಬರಬೇಕು. ಆಮೇಲೆ ಅದೇ ನಿಧಾನದಲ್ಲಿ ಎಡಕ್ಕೆ. ಎಡಕ್ಕೆ ಅರ್ಧದಲ್ಲೇ ನಿಂತು ಬರೀ ಕಣ್ಣು ಮಾತ್ರ ಹೋಗುತ್ತದಾ, ಇಡೀ ಮೈಯೇ ಹೊರಳಲು ನೋಡುತ್ತದಾ, ಅಳುತ್ತದಾ, ಅದನ್ನು ಗಮನಿಸು. ಕೈಯಿಂದ ತಲೆ ಹಿಡಿದು ತಿರುಗಿಸಬೇಡ, ಕೂಸೇ ತಿರುಗಬೇಕು.

ಎಡಕ್ಕೂ ಸಲೀಸಾಗಿ ತಿರುಗಿದರೆ ಅದು ಬರೀ ಅಭ್ಯಾಸ, ಮನೆಯಲ್ಲೇ ಸರಿ ಮಾಡಬಹುದು. ತಿರುಗದಿದ್ದರೆ ಕತ್ತಿನ ಸ್ನಾಯು ಬಿಗಿ ಆಗಿರಬಹುದು. ಇದಕ್ಕೆ ಟಾರ್ಟಿಕೋಲಿಸ್ ಅನ್ನುತ್ತಾರೆ. ಕಿವಿಯ ಹಿಂದಿನಿಂದ ಕೊರಳೆಲುಬಿಗೆ ಇಳಿಯುವ ಒಂದು ಸ್ನಾಯು ಇದೆ, ಎರಡೂ ಕಡೆ. ಮುಖ ಬಲಕ್ಕೇ ತಿರುಗುವ ಮಗುವಿಗೆ ಬಿಗಿ ಇರುವುದು ಸಾಮಾನ್ಯವಾಗಿ ಎಡಗಡೆಯ ಸ್ನಾಯು. ತಲೆ ಎಡ ಭುಜಕ್ಕೆ ವಾಲಿ ಗಲ್ಲ ಬಲಕ್ಕೆ ಹೋಗುತ್ತದೆ. ಕೆಲವು ಮಕ್ಕಳಿಗೆ ಆ ಸ್ನಾಯುವಿನಲ್ಲಿ ಅಡಿಕೆಯಷ್ಟು ಗಂಟು ಕೈಗೆ ಸಿಗುತ್ತದೆ. ಹೆದರಿಕೊಳ್ಳಬೇಡ, ಆದರೆ ಡಾಕ್ಟರಿಗೆ ತೋರಿಸಲೇಬೇಕು. ಕತ್ತು ಹಿಗ್ಗಿಸುವ ವ್ಯಾಯಾಮ ಇದೆ, ಅದನ್ನು ಫಿಸಿಯೋಥೆರಪಿಸ್ಟ್ ಎದುರಿಗೆ ಮಾಡಿ ತೋರಿಸಿದ ಮೇಲೆ ನೀವು ಮಾಡಬೇಕು. ಯೂಟ್ಯೂಬ್ ನೋಡಿಕೊಂಡು ಬೇಡ. ಬೇಗ ಶುರು ಮಾಡಿದಷ್ಟೂ ಬೇಗ ಬಿಡುತ್ತದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕತ್ತು ಬಿಗಿ ಇರಲಿ, ಇಲ್ಲದಿರಲಿ, ಇವತ್ತಿನಿಂದ ಮಾಡಬೇಕಾದ್ದು ಒಂದೇ. ಕೂಸಿಗೆ ಎಡಗಡೆ ನೋಡಬೇಕು ಅನ್ನಿಸಬೇಕು. ಮೂಡಿಗೆರೆ ಮನೆಯ ಆ ಒಳಕೋಣೆ ನನಗೆ ಗೊತ್ತಲ್ಲ. ತೊಟ್ಟಿಲು ಗೋಡೆಗೆ ಒತ್ತಿಕೊಂಡಿದೆ, ಕಿಟಕಿ ಬಾಗಿಲು ಎರಡೂ ಒಂದೇ ಕಡೆ. ಈ ಮಳೆಗೆ ಬೆಳಕು ಬರುವುದೂ ಅಲ್ಲಿಂದಲೇ, ಜನ ಬರುವುದೂ ಅಲ್ಲಿಂದಲೇ. ಗೋಡೆ ನೋಡಿ ಅದಕ್ಕೇನಾಗಬೇಕು? ತಲೆ ಇಡುವ ಕಡೆ ಕಾಲು, ಕಾಲಿನ ಕಡೆ ತಲೆ ಬರುವ ಹಾಗೆ ಮಲಗಿಸು. ಆಗ ಬಾಗಿಲು ಎಡಗಡೆಗೆ ಬರುತ್ತದೆ. ರಾತ್ರಿ ನೀನು ಯಾವ ಪಕ್ಕ ಮಲಗುತ್ತೀಯೋ ಅದನ್ನೂ ಬದಲಾಯಿಸು, ಅಮ್ಮನ ವಾಸನೆ ಎತ್ತಲೋ ಮುಖ ಅತ್ತಲೇ. ಬಟ್ಟೆ ಬದಲಿಸುವಾಗ, ಮಾತಾಡಿಸುವಾಗ ಎಡಗಡೆ ಕೂತುಕೋ. ಎದೆಹಾಲು ಕೊಡುವಾಗ ಎರಡೂ ಕಡೆ ಕೊಡುತ್ತೀಯ, ಅದು ಒಳ್ಳೆಯದೇ. ಬಾಟಲಿ ಕೊಡುವವರು ಯಾವಾಗಲೂ ಒಂದೇ ತೋಳಲ್ಲಿ ಹಿಡಿಯುತ್ತಾರೆ, ಹಾಗೆ ಮಾಡಬೇಡಿ. ಎಚ್ಚರ ಇರುವಷ್ಟು ಹೊತ್ತು ಹೆಗಲ ಮೇಲೆ ಎತ್ತಿಕೊಳ್ಳಿ. ಎತ್ತಿ ಎತ್ತಿ ರೂಢಿ ಆಗುತ್ತದೆ ಅಂತ ಅಕ್ಕ ಬೈಯಬಾರದು. ಹೆಗಲ ಮೇಲಿದ್ದಷ್ಟು ಹೊತ್ತು ತಲೆಗೆ ಒತ್ತಡ ಇಲ್ಲ.

ಸೀರೆ ಜೋಲಿಯಲ್ಲಿ ಗಂಟೆಗಟ್ಟಲೆ ಬಿಡಬೇಡಿ. ಜೋಲಿಯಲ್ಲಿ ಮೈ ಮಡಿಚಿಕೊಂಡು ಗಲ್ಲ ಎದೆಗೆ ಬೀಳುತ್ತದೆ, ತಲೆ ತಿರುಗಿಸಲೂ ಆಗುವುದಿಲ್ಲ. ಅಳು ನಿಲ್ಲಿಸಲು ಸ್ವಲ್ಪ ತೂಗಿ, ನಿದ್ದೆ ಬಂದ ಮೇಲೆ ಗಟ್ಟಿ ಹಾಸಿಗೆಗೆ ಹಾಕಿ. ಕಾರಿನ ಸೀಟಿಗೂ ಇದೇ ಮಾತು, ಪ್ರಯಾಣ ಮುಗಿದ ಮೇಲೆ ಅದರಲ್ಲೇ ಮಲಗಲು ಬಿಡಬೇಡಿ. ಚಳಿ ಅಂತ ಕೈಕಾಲು ಆಡದ ಹಾಗೆ ಬಿಗಿಯಾಗಿ ಸುತ್ತುವುದೂ ಬೇಡ.

ಇನ್ನು ಬೋರಲು ಹಾಕುವುದು. ಇದು ಕತ್ತಿಗೂ ತಲೆಗೂ ಎರಡಕ್ಕೂ ಔಷಧಿ. ಎಚ್ಚರ ಇರುವಾಗ, ನೀವು ಎದುರಿಗೆ ಇರುವಾಗ ಮಾತ್ರ. ಹಾಲು ಕುಡಿದ ತಕ್ಷಣ ಬೇಡ, ಕಕ್ಕುತ್ತದೆ. ಎಣ್ಣೆ ನೀರು ಆದ ಮೇಲೂ ಬೇಡ, ಆಗ ಕಣ್ಣು ಎಳೆಯುತ್ತಿರುತ್ತದೆ. ಶುರುವಿನಲ್ಲಿ ಮೂರು ನಿಮಿಷ ಸಾಕು, ದಿನಕ್ಕೆ ಹಲವು ಸಲ. ಎಲ್ಲಾ ಸೇರಿ ದಿನಕ್ಕೆ ಅರ್ಧ ಗಂಟೆಯಾದರೂ ಆಗಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನೆಲದ ಮೇಲೆ ಅತ್ತರೆ ನಿನ್ನ ಎದೆಯ ಮೇಲೆ ಬೋರಲು ಹಾಕಿಕೊಂಡು ಒರಗಿಕೋ, ನಿನ್ನ ಮುಖ ನೋಡಲು ತಲೆ ಎತ್ತುತ್ತದೆ. ಟವೆಲ್ ಸುರುಳಿ ಸುತ್ತಿ ಕಂಕುಳ ಕೆಳಗೆ ಇಟ್ಟರೆ ಇನ್ನೂ ಸುಲಭ. ಗಿಲಕಿ ಎಡಗಡೆ ಇಡು.

ಹಾಗಾದರೆ ಬೋರಲೇ ಮಲಗಿಸಿಬಿಡೋಣ ಅಂತ ಯಾರಿಗಾದರೂ ಅನ್ನಿಸಬಹುದು. ಬೇಡವೇ ಬೇಡ. ನಿದ್ದೆಗೆ ಅಂಗಾತವೇ, ಹಗಲಾಗಲಿ ರಾತ್ರಿಯಾಗಲಿ. ಬೋರಲು ಮಲಗಿದ ಕೂಸುಗಳು ನಿದ್ದೆಯಲ್ಲೇ ಉಸಿರು ನಿಂತು ಹೋಗುವುದು ಜಾಸ್ತಿ ಅಂತ ಗೊತ್ತಾದ ಮೇಲೆ, 1992ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘ ಬೋರಲು ಮಲಗಿಸಬೇಡಿ ಅಂತ ಹೇಳಲು ಶುರು ಮಾಡಿತು. ಅಲ್ಲಿ ಅಂಥ ಸಾವು ಅರ್ಧಕ್ಕಿಂತ ಕೆಳಗೆ ಇಳಿಯಿತು. ಚಪ್ಪಟೆ ತಲೆ ಜಾಸ್ತಿ ಆಗಿದ್ದು ಆಮೇಲೆಯೇ. ಆದರೆ ತಲೆ ಸರಿ ಮಾಡಬಹುದು.

ಅಮ್ಮಾ, ಈಗ ನಿಮಗೆ. ನಿಮ್ಮ ಕೈಯಲ್ಲಿ ನಾವೆಲ್ಲಾ ಎಣ್ಣೆ ನೀರು ಹಾಕಿಸಿಕೊಂಡು ಬೆಳೆದವರು. ಅದನ್ನು ಬಿಡಿ ಅಂತ ನಾನು ಹೇಳಲ್ಲ. ಹಗುರವಾಗಿ ಎಣ್ಣೆ ಸವರಿ, ಮೈಕೈ ನೀವಿ. ತಲೆಯನ್ನು ಮಾತ್ರ ಎರಡೂ ಅಂಗೈಯಲ್ಲಿ ಒತ್ತಿ ದುಂಡಗೆ ಮಾಡುವುದು ಬೇಡ. ಒತ್ತಿದರೆ ಮೂಳೆ ಆಕಾರಕ್ಕೆ ಬರುವುದಿಲ್ಲ, ಕೂಸಿಗೆ ನೋವಾಗುತ್ತದೆ ಅಷ್ಟೇ. ಮೂಗಿಗೆ ಎಣ್ಣೆ ಬಿಡುವುದಂತೂ ಖಂಡಿತ ಬೇಡ, ಶ್ವಾಸಕೋಶಕ್ಕೆ ಇಳಿಯುತ್ತದೆ. ಸಾಸಿವೆ ದಿಂಬೂ ಬೇಡಮ್ಮ. ಮಲಗಿದ ಕೂಸಿನ ಹತ್ತಿರ ಯಾವ ದಿಂಬೂ ಇರಬಾರದು, ಮುಖ ಹೂತರೆ ಬಿಡಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ. ಹೊಲಿಗೆ ಬಿಟ್ಟು ಕಾಳು ಬಾಯಿಗೆ ಹೋದರೆ ಇನ್ನೊಂದು ಗಂಡಾಂತರ. ಅಂಗಡಿಯಲ್ಲಿ ಮಧ್ಯೆ ತೂತು ಇರುವ ದಿಂಬು ತಲೆ ದುಂಡಗೆ ಮಾಡುತ್ತದೆ ಅಂತ ಮಾರುತ್ತಾರಲ್ಲ, ಅದನ್ನೂ ಬಳಸಬೇಡಿ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲಿ ಎಚ್ಚರಿಕೆ ಕೊಟ್ಟಿದೆ. ನಿಮಗೆ ಬೇರೆ ಕೆಲಸ ಇದೆ. ದಿನಾ ಮಧ್ಯಾಹ್ನ ಕೂಸಿನ ಎಡಗಡೆ ಕೂತು ನಿಮ್ಮ ಹಾಡು ಹೇಳಿ. ನಿಮ್ಮ ದನಿ ಎಲ್ಲಿ ಕೇಳುತ್ತದೋ ಅಲ್ಲಿಗೆ ತಿರುಗುತ್ತದೆ ಅಂತ ಪುಟ್ಟಿಯೇ ಹೇಳಿದ್ದಾಳೆ.

ಬಾವ, ಹೆಲ್ಮೆಟ್‌ಗೆ ಈಗಲೇ ದುಡ್ಡು ಕಟ್ಟಬೇಡಿ. ದಿನಕ್ಕೆ 23 ಗಂಟೆ ಹಾಕಿರಬೇಕು, ತಿಂಗಳುಗಟ್ಟಲೆ. ನೆದರ್‌ಲ್ಯಾಂಡ್ಸ್‌ನಲ್ಲಿ 84 ಮಕ್ಕಳನ್ನು ಎರಡು ಗುಂಪು ಮಾಡಿ ನೋಡಿದ್ದರು, 2014ರಲ್ಲಿ ಪ್ರಕಟವಾಯಿತು. ಎರಡು ವರ್ಷ ತುಂಬುವಾಗ ಹೆಲ್ಮೆಟ್ ಹಾಕಿದವರಿಗೂ ಹಾಕದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ತುಂಬಾ ಜಾಸ್ತಿ ಓರೆಯಾಗಿ, ಬೇರೆ ಏನು ಮಾಡಿದರೂ ಬಗ್ಗದಿದ್ದರೆ ಕೆಲವು ಡಾಕ್ಟರು ಸಲಹೆ ಮಾಡುತ್ತಾರೆ. ನಮ್ಮ ಕೂಸು ಆ ಹಂತದಲ್ಲಿಲ್ಲ.

ಅತ್ತಿಗೆ ಹೇಳಿದ್ದರಲ್ಲಿ ಅರ್ಧ ನಿಜ. ತಾನೇ ಬೋರಲು ಬಿದ್ದು, ಕೂರಲು ಶುರು ಮಾಡಿದ ಮೇಲೆ ಸುಮಾರು ಮಕ್ಕಳಿಗೆ ಎಷ್ಟೋ ಸರಿಹೋಗುತ್ತದೆ. ಆದರೆ ಕತ್ತು ಬಿಗಿ ಇದ್ದರೆ ಸುಮ್ನೆ ಕಾಯಬಾರದು.

ಕಾಯಲೇಬಾರದ ಇನ್ನೊಂದಿದೆ. ಅಪರೂಪಕ್ಕೆ, ಸುಮಾರು 2,000ದಿಂದ 2,500 ಮಕ್ಕಳಲ್ಲಿ ಒಬ್ಬರಿಗೆ, ತಲೆಯ ಸಂದು ಬೇಗ ಮುಚ್ಚಿಕೊಂಡುಬಿಡುತ್ತದೆ. ಆಗ ಹುಟ್ಟುವಾಗಲೇ ತಲೆಯ ಆಕಾರ ಬೇರೆ ಇರುತ್ತದೆ, ಮಲಗಿಸುವ ರೀತಿ ಬದಲಿಸಿದರೂ ಬದಲಾಗುವುದಿಲ್ಲ. ಸಂದಿನ ಮೇಲೆ ಬೆರಳಾಡಿಸಿದರೆ ಗಟ್ಟಿ ಏಣು ಸಿಗುತ್ತದೆ, ಸುತ್ತಳತೆ ಬೆಳೆಯುವುದು ನಿಧಾನ ಆಗಬಹುದು. ಚಪ್ಪಟೆ ಕಡೆಯ ಕಿವಿ ಮುಂದಕ್ಕೆ ಬರುವ ಬದಲು ಹಿಂದಕ್ಕೆ ಹೋಗಿದ್ದರೂ ಅನುಮಾನ ಪಡಬೇಕು. ಅದಕ್ಕೆ ಆಪರೇಷನ್ ಬೇಕಾಗುತ್ತದೆ. ನಿನ್ನ ಫೋಟೋದಲ್ಲಿ ಹಾಗೆ ಕಾಣಲಿಲ್ಲ, ಆದರೆ ಫೋಟೋ ನೋಡಿ ಹೇಳುವ ಮಾತಲ್ಲ ಇದು. ಡಾಕ್ಟರು ಕೈಯಿಟ್ಟು ನೋಡಬೇಕು.

ಮೂರೂವರೆ ತಿಂಗಳ ಚುಚ್ಚುಮದ್ದು ಹತ್ತಿರ ಬಂತು ಅಲ್ವಾ? ಆ ದಿನವೇ ಕೇಳು. ಟೇಪಿನಲ್ಲಿ ತಲೆ ಸುತ್ತಳತೆ ಅಳೆಸಿ ತಾಯಿ ಕಾರ್ಡಿನಲ್ಲಿ ಬರೆಸು. ಹುಟ್ಟಿದಾಗ ಬರೆದದ್ದರ ಪಕ್ಕ ಇಟ್ಟು ನೋಡಿ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳು, ಗಡಿಬಿಡಿಯಲ್ಲಿ ಬಿಟ್ಟುಹೋಗುತ್ತದೆ. ಕತ್ತು ನೋಡಿ ಅಂತಲೂ ಹೇಳು. ಹೆಚ್ಚಿನ ತಪಾಸಣೆ ಬೇಕು ಅಂದರೆ ಚಿಕ್ಕಮಗಳೂರು ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಹೋಗು, ಇಲ್ಲ ಇಲ್ಲಿ ಹಾಸನದ ಸರ್ಕಾರಿ ಆಸ್ಪತ್ರೆ ಹಿಮ್ಸ್‌ಗೆ ಬಾ. ಹುಟ್ಟಿದ ಕೂಸಿನಿಂದ 18 ವರ್ಷದವರೆಗಿನ ಮಕ್ಕಳಿಗೆ ಆರ್‌ಬಿಎಸ್‌ಕೆ ಅಂತ ಸರ್ಕಾರದ್ದೇ ಯೋಜನೆ ಇದೆ, ತಪಾಸಣೆ ಚಿಕಿತ್ಸೆ ಉಚಿತ. ಆಶಾ ಅಕ್ಕನನ್ನು ಕೇಳಿದರೆ ಹೇಳುತ್ತಾರೆ.

ದಿನಾ ತಲೆ ಮುಟ್ಟಿ ಮುಟ್ಟಿ ನೋಡುತ್ತಾ ಕೂರಬೇಡ, ಒಂದು ದಿನಕ್ಕೆ ಏನೂ ಗೊತ್ತಾಗುವುದಿಲ್ಲ. ಎರಡು ವಾರಕ್ಕೊಮ್ಮೆ ಸ್ನಾನ ಆದ ಮೇಲೆ, ಕೂದಲು ಒದ್ದೆ ಇರುವಾಗ, ನೇರ ನೆತ್ತಿಯ ಮೇಲಿನಿಂದ ಒಂದು ಫೋಟೋ ತೆಗೆ. ಮೂಗು ಫೋಟೋದ ಮೇಲ್ಗಡೆ ಬರುವ ಹಾಗೆ, ಎರಡೂ ಕಿವಿ ಕಾಣುವ ಹಾಗೆ.

ನಾಳೆ ಗಿಲಕಿ ತೋರಿಸುವಾಗ ಅಕ್ಕನ ಕೈಲಿ ವಿಡಿಯೋ ಮಾಡಿಸಿ ನನಗೆ ಕಳಿಸು, ಎರಡೂ ಕಡೆಯದ್ದೂ ಇರಲಿ. ಎಡಕ್ಕೆ ತಿರುಗಲಿಲ್ಲ ಅಂದರೆ ಚುಚ್ಚುಮದ್ದಿನವರೆಗೂ ಕಾಯಬೇಡ. ಬೇಲೂರು ಮೇಲೆ ಹಾಸನಕ್ಕೆ ಬಂದುಬಿಡು. ಮನೆಯಲ್ಲೇ ಉಳಿದುಕೊಂಡರೆ ಮಕ್ಕಳ ಡಾಕ್ಟರಿಗೂ ತೋರಿಸಿ, ವ್ಯಾಯಾಮವನ್ನೂ ಕಲಿತುಕೊಂಡು ಹೋಗಬಹುದು. ಬರುವಾಗ ತಾಯಿ ಕಾರ್ಡ್ ಮರೆಯಬೇಡ.