ಕ್ಯಾಮೆರಾದಲ್ಲಿ ಗುಲಾಬಿ ಗರಿ, ಲೈಟ್‌ರೂಮ್‌ನಲ್ಲಿ ಪೇಲವ: ರಾ ಫೈಲ್ ಹೀಗೇಕೆ?

ಹುಣಸೆಮರ:
ಹೋದ ಭಾನುವಾರ ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದೆ. ಊರೊಳಗಿನ ಹುಣಸೆ ಮರದ ಮೇಲೆ ಬಣ್ಣದ ಕೊಕ್ಕರೆ ಜೋಡಿಯೊಂದು ಗೂಡು ಕಟ್ಟುತ್ತಿತ್ತು. ನಿಕಾನ್ ಡಿ7500, ರಾ (ಕ್ಯಾಮೆರಾ ಇನ್ನೂ ಚಿತ್ರವಾಗಿ ಸಂಸ್ಕರಿಸದ ಮೂಲ ಫೈಲ್) ಮಾತ್ರ ತೆಗೆದೆ. ಬಾಲದ ಹತ್ತಿರದ ಗುಲಾಬಿ ಗರಿಗಳು ಕ್ಯಾಮೆರಾ ಪರದೆಯಲ್ಲಿ ಎಷ್ಟು ಚೆನ್ನಾಗಿ ಕಂಡವೆಂದರೆ, ಜಗಲಿ ಮೇಲೆ ಕೂತಿದ್ದ ಅಜ್ಜಿಗೂ ತೋರಿಸಿದೆ. ಮನೆಗೆ ಬಂದು ಫೋಟೋ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್‌ಗೆ ಹಾಕಿದೆ. ಒಂದು ಕ್ಷಣ ಅದೇ ಬಣ್ಣ ಇತ್ತು. ಆಮೇಲೆ ಕಣ್ಣೆದುರೇ ಗುಲಾಬಿ ಪೇಲವವಾಯಿತು, ಇಡೀ ಚಿತ್ರ ಕತ್ತಲಾಯಿತು. ನಾನು ಏನೂ ಮುಟ್ಟಿಲ್ಲ. ಎರಡರಲ್ಲಿ ಯಾವುದು ನಿಜ?

ಮಂಡ್ಯದವ:
ಕ್ಯಾಮೆರಾ ಪರದೆಯ ಬ್ರೈಟ್‌ನೆಸ್ ಜಾಸ್ತಿ ಇಟ್ಟಿದ್ದೀರಾ ನೋಡಿ. ನನಗೂ ಹಾಗೇ ಆಗಿತ್ತು.

ಹಳೇ ಸ್ಟುಡಿಯೋ:
ಪರದೆಯದೂ ಸ್ವಲ್ಪ ಪಾಲಿರಬಹುದು. ಆದರೆ ಕಣ್ಣೆದುರೇ ಬದಲಾಯಿತು ಅಂದಿರಲ್ಲ, ಗುಟ್ಟು ಅಲ್ಲೇ ಇದೆ.

ಮೊದಲು ಕಂಡಿದ್ದು ರಾ ಅಲ್ಲ. ನಿಮ್ಮ ಎನ್‌ಇಎಫ್, ಅಂದರೆ ನಿಕಾನ್ ರಾ ಫೈಲಿನ ಹೊಟ್ಟೆಯಲ್ಲಿ ಒಂದು ಜೆಪೆಗ್ ಕೂತಿರುತ್ತದೆ. ಕ್ಯಾಮೆರಾ ತನ್ನ ಪಿಕ್ಚರ್ ಕಂಟ್ರೋಲ್ (ಚಿತ್ರದ ಬಣ್ಣ ಹೇಗಿರಬೇಕೆಂಬ ಸೆಟ್ಟಿಂಗ್) ಪ್ರಕಾರ ಬಣ್ಣ, ಕಾಂಟ್ರಾಸ್ಟ್ ಏರಿಸಿ ಮಾಡಿದ್ದು ಅದು. ಹಿಂದಿನ ಪರದೆ ತೋರಿಸುವುದು ಅದನ್ನೇ. ಕತ್ತಲು-ಬೆಳಕು ಎಷ್ಟೆಷ್ಟಿದೆ ಅಂತ ತೋರಿಸುವ ಹಿಸ್ಟೋಗ್ರಾಮ್ ನಕ್ಷೆ ಕೂಡ ಅದರದ್ದೇ. ಲೈಟ್‌ರೂಮ್ ಮೊದಲು ಅದನ್ನು ತೋರಿಸಿ, ಆಮೇಲೆ ರಾ ಓದಿ ತನ್ನ ‘ಅಡೋಬಿ ಕಲರ್’ ಪ್ರೊಫೈಲ್, ಅಂದರೆ ಬಣ್ಣ ಲೆಕ್ಕ ಹಾಕುವ ಸೂತ್ರ, ಹಾಕುತ್ತದೆ.

ಇನ್ನು ನಿಜ ಯಾವುದು ಅಂತ ಕೇಳಿದಿರಿ. ಸೆನ್ಸರ್‌ನ ಒಂದೊಂದು ಚುಕ್ಕೆಯ ಮೇಲೂ ಒಂದು ಬಣ್ಣದ ಫಿಲ್ಟರ್ ಇರುತ್ತದೆ. ನಾಲ್ಕು ಚುಕ್ಕೆಯಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಪ್ರತಿ ಚುಕ್ಕೆಯೂ ಬರೆದಿಡುವುದು ಬೆಳಕು ಎಷ್ಟು ಬಿತ್ತು ಅನ್ನುವ ಒಂದು ಸಂಖ್ಯೆ ಮಾತ್ರ. 14 ಬಿಟ್ ಫೈಲ್ ಆದರೆ ಆ ಸಂಖ್ಯೆಗೆ 16,384 ಮಟ್ಟ. ಆ ಗರಿಯ ಗುಲಾಬಿ ಫೈಲಿನಲ್ಲಿ ಗುಲಾಬಿಯಾಗಿ ಎಲ್ಲೂ ಇಲ್ಲ! ಅಕ್ಕಪಕ್ಕದ ಚುಕ್ಕೆಗಳನ್ನು ಸೇರಿಸಿ ಯಾರಾದರೂ ಲೆಕ್ಕ ಹಾಕಬೇಕು. ಕ್ಯಾಮೆರಾದ್ದು ಒಂದು ಲೆಕ್ಕ, ಲೈಟ್‌ರೂಮ್‌ದು ಇನ್ನೊಂದು. ನೀವು ಕೂತು ಮಾಡುವುದು ಮೂರನೆಯದು, ನನಗೆ ಅದೇ ಇಷ್ಟ.

ಕತ್ತಲಾಗಿದ್ದಕ್ಕೆ ಬೇರೆ ಕಾರಣ ಇರಬಹುದು. ಆಕ್ಟಿವ್ ಡಿ-ಲೈಟಿಂಗ್ ಆನ್ ಇತ್ತಾ? ಬಿಳಿ ಸುಟ್ಟುಹೋಗದಿರಲಿ ಅಂತ ಅದು ಎಕ್ಸ್‌ಪೋಷರ್ (ಸೆನ್ಸರ್‌ಗೆ ಬೀಳುವ ಬೆಳಕು) ಇಳಿಸುತ್ತದೆ, ಆಮೇಲೆ ಜೆಪೆಗ್‌ನಲ್ಲಿ ನೆರಳನ್ನು ಎತ್ತುತ್ತದೆ. ಎತ್ತುವ ಕೆಲಸ ಲೈಟ್‌ರೂಮ್‌ಗೆ ಗೊತ್ತಾಗುವುದಿಲ್ಲ. ಇಳಿಸಿದ್ದು ಮಾತ್ರ ಉಳಿಯುತ್ತದೆ.

ಪ್ರೊಫೈಲ್ ಜಾಗದಲ್ಲಿ ‘ಕ್ಯಾಮೆರಾ ಮ್ಯಾಚಿಂಗ್’ ಒಳಗೆ ‘ಕ್ಯಾಮೆರಾ ಸ್ಟ್ಯಾಂಡರ್ಡ್’ ಹಾಕಿ ನೋಡಿ. ನಿಕಾನ್‌ನದೇ ಎನ್‌ಎಕ್ಸ್ ಸ್ಟುಡಿಯೋ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಅದಕ್ಕೆ ಈ ಸೆಟ್ಟಿಂಗ್ ಎಲ್ಲಾ ಅರ್ಥವಾಗುತ್ತದೆ.

ಹುಣಸೆಮರ:
ಸರ್, ಡಿ-ಲೈಟಿಂಗ್ ಆಟೋದಲ್ಲಿತ್ತು! ಆಫ್ ಮಾಡಿದೆ. ಮೊದಲು ‘ಕ್ಯಾಮೆರಾ ವಿವಿಡ್’ ಹಾಕಿದೆ, ಗುಲಾಬಿ ಜಾಸ್ತಿಯಾಗಿ ಗರಿಯ ಎಳೆಗಳೇ ಮುಚ್ಚಿಹೋದವು. ‘ಸ್ಟ್ಯಾಂಡರ್ಡ್’ ಹಾಕಿ ಎಕ್ಸ್‌ಪೋಷರ್ 0.7 ಏರಿಸಿದೆ. ಒಂದೊಂದು ಎಳೆಯೂ ಬಿಡಿಬಿಡಿಯಾಗಿ ಕಾಣುತ್ತಿದೆ, ಅಂಚಿನ ಬಿಳಿಯೂ ಉಳಿದಿದೆ. ಇನ್ನು 340 ಫೋಟೋ ಇವೆ, ಒಂದೊಂದಕ್ಕೂ ಹೀಗೇ ಮಾಡಬೇಕಾ?

ಹಳೇ ಸ್ಟುಡಿಯೋ:
ಬೇಡ. ಇದನ್ನು ಇಟ್ಟುಕೊಂಡು ಉಳಿದವನ್ನೆಲ್ಲ ಸೆಲೆಕ್ಟ್ ಮಾಡಿ, ‘ಸಿಂಕ್’ ಒತ್ತಿ. ಎಕ್ಸ್‌ಪೋಷರ್ ಟಿಕ್ ತೆಗೆಯಿರಿ, ಪ್ರೊಫೈಲ್ ಮಾತ್ರ ಹೋಗಲಿ. ಬೆಳಕು ಒಂದೊಂದರಲ್ಲಿ ಒಂದೊಂದು ಥರ ಇರುತ್ತದೆ, ಅಲ್ವಾ?