ಅಪ್‌ಡೇಟ್: ಪೋಸ್ಟ್‌ಗ್ರೆಸ್ 9.6ರಿಂದ 15ಕ್ಕೆ ಏರಿದ್ದಾಯ್ತು

ಗಂಗಾವತಿಯ ನಮ್ಮ ರೈಸ್ ಮಿಲ್ ಲೆಕ್ಕ ಇರುವ ಪೋಸ್ಟ್‌ಗ್ರೆಸ್ ಡೇಟಾಬೇಸನ್ನು ಮೇಲಕ್ಕೆ ಏರಿಸುವಾಗ ನಡುವಿನ ಪ್ರತಿ ಆವೃತ್ತಿಯಲ್ಲೂ ನಿಲ್ಲಬೇಕಾ ಅಂತ ಕೇಳಿದ್ದೆ ಅಲ್ವಾ, ಬೇಕಿಲ್ಲ. ಆವೃತ್ತಿ ಏರಿಸಲು ಪೋಸ್ಟ್‌ಗ್ರೆಸ್ ಜೊತೆಗೇ ಬರುವ ಸಾಧನ ಪಿಜಿ_ಅಪ್‌ಗ್ರೇಡ್ ನೇರವಾಗಿ ಜಿಗಿಯುತ್ತದೆ.

ಮೊದಲು ನಕಲು ಸರ್ವರ್‌ನಲ್ಲಿ ಚೆಕ್ ಆಯ್ಕೆ (ಏನನ್ನೂ ಬದಲಿಸದೆ ಬರೀ ಪರೀಕ್ಷಿಸುವುದು) ಕೊಟ್ಟು ಓಡಿಸಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಹಳೆಯ ಕೆಲವು ಟೇಬಲ್‌ಗಳು 'ವಿತ್ ಓಐಡಿಸ್' ಅಂತ (ಪ್ರತಿ ಸಾಲಿಗೂ ಒಳಗೊಳಗೇ ಒಂದು ಗುರುತು ಸಂಖ್ಯೆ ಇರುವಂತೆ) ಮಾಡಿದ್ದವು, ಆವೃತ್ತಿ 12ರಿಂದ ಅದಕ್ಕೆ ಬೆಂಬಲವೇ ಇಲ್ಲ, ಅದು ಅಲ್ಲೇ ಸಿಕ್ಕಿಬಿತ್ತು. ಎಲ್ಲ ಡೇಟಾವನ್ನು ಫೈಲ್‌ಗೆ ಡಂಪ್ ತೆಗೆದು ಹೊಸ ಆವೃತ್ತಿಯಲ್ಲಿ ರಿಸ್ಟೋರ್ ಮಾಡುವ ಸಲಹೆ ನಮಗೆ ಆಗಲಿಲ್ಲ. ತುಂಬಾ ಹೊತ್ತು ಹಿಡಿಯಿತು, ಭತ್ತದ ಸೀಸನ್‌ನಲ್ಲಿ ಬೆಳಿಗ್ಗೆಯೇ ಲಾರಿಗಳು ಸಾಲಾಗಿ ನಿಂತಿರುತ್ತವೆ.

ನನಗೆ ಅಚ್ಚರಿ ಆಗಿದ್ದು ಇದು: ಹೊಸ ಲಿನಕ್ಸ್‌ನಲ್ಲಿ ಜಿಲಿಬ್‌ಸಿ (ಲಿನಕ್ಸ್‌ನ ಮೂಲ ಲೈಬ್ರರಿ) 2.28 ಅಥವಾ ಅದಕ್ಕಿಂತ ಹೊಸದಿದ್ದರೆ ಅಕ್ಷರಗಳನ್ನು ಜೋಡಿಸುವ ಕ್ರಮವೇ ಬದಲಾಗಿರುತ್ತದೆ, ಹೆಸರುಗಳ ಮೇಲಿನ ಹಳೇ ಇಂಡೆಕ್ಸ್ (ಬೇಗ ಹುಡುಕಲು ಇರುವ ಸೂಚಿ) ಯಾವ ಎರರ್ ಕೂಡ ತೋರಿಸದೆ ತಪ್ಪು ಉತ್ತರ ಕೊಡಬಹುದು. ರೀಇಂಡೆಕ್ಸ್ ಮಾಡಲೇಬೇಕು, ಅಂದರೆ ಇಂಡೆಕ್ಸನ್ನು ಹೊಸದಾಗಿ ಕಟ್ಟಬೇಕು. ಆಮೇಲೆ ಅನಲೈಸ್ (ಡೇಟಾದ ಅಂಕಿಅಂಶ ಸಂಗ್ರಹಿಸುವ ಆಜ್ಞೆ) ಓಡಿಸಿ, ಇಲ್ಲದಿದ್ದರೆ ಕ್ವೆರಿಗಳು ತೆವಳುತ್ತವೆ.